ತೂಕದ ಕೂಲಿ

ಮಂಡಿಪೇಟೆ. ಎಣ್ಣೆ ಅಂಗಡಿಯ ಅಟ್ಟದ ಮೇಲೆ
ನಮ್ಮ ನೂತನ ಟೈಪಿಂಗ್ ಶಾಲೆ. ಸಂಜೆ ಆರೂಕಾಲಿಗೆ
ಹಾಲೇಶಪ್ಪನವರು ಮೆಟ್ಟಿಲು ಹತ್ತುವ ಸದ್ದು:
ಎಡಗಾಲಿಗೆ ಒಂದು, ಬಲಗಾಲಿಗೆ ಒಂದೂವರೆ.
ಕಂಕುಳಲ್ಲಿ ಜರ್ಮನ್ ಕಾದಂಬರಿ,
ಮಿಲ್ಲಿನ ಹಳೇ ಲೆಡ್ಜರಿನ ಹಿಂಬದಿಗೆ
ಸೀಸದಕಡ್ಡಿಯ ಇಂಗ್ಲಿಷು.
"ಫರ್ಜಾನಾ, ಈವತ್ತು ಹನ್ನೊಂದು ಹಾಳೆ.
ಒಂದು ವಾಕ್ಯದ ಜಾಗ ಖಾಲಿ ಬಿಡು."

ಯಾವಾಗಲೂ ಒಂದು ವಾಕ್ಯ ಖಾಲಿ.

ಭಾಷೆ ಕಲಿತದ್ದು ಕಾಲೇಜಿನಲ್ಲಲ್ಲ.
ನೂಲುವ ಯಂತ್ರ ಕೂರಿಸಲು ಬಂದ ಲಿಂಡ್ನರ್ ಸಾಹೇಬ
ಹದಿನಾಲ್ಕು ತಿಂಗಳು ಇದ್ದ,
ಇವರು ಅವನ ಪಾನಾ ಹಿಡಿಯುವ ಹುಡುಗ.
ತಿರುಗುವ ಕದಿರಿಗೆ ಬೆರಳು ಕೊಟ್ಟ ದಿನ
ಸಾಹೇಬ ಕೂಗಿದನಂತೆ: ದು ಶ್ಪಿನ್‌ಸ್ಟ್!
ನೂಲ್ತೀಯ ನೀನು, ಅಂತ ತಿಳಿದು
ಹೌದು ಸ್ವಾಮಿ, ಅದೇ ತಾನೇ ಕೆಲಸ, ಅಂತ ಇವರು ಹಲ್ಲು ಬಿಟ್ಟರಂತೆ.
ನೂಲುವುದಕ್ಕೂ ತಲೆ ಕೆಡುವುದಕ್ಕೂ
ಅವರಲ್ಲಿ ಒಂದೇ ಮಾತು ಎಂದು ಗೊತ್ತಾಗುವ ಹೊತ್ತಿಗೆ
ಸಾಹೇಬ ಊರು ಸೇರಿದ್ದ,
ಅವನು ಬಿಟ್ಟ ನಿಘಂಟಿನ ರಟ್ಟು ಗೆದ್ದಲಿಗಾಗಿತ್ತು,
ಇವರಿಗೆ ಎರಡು ಅರ್ಥವೂ ಅಳತೆ ಕೊಟ್ಟು ಹೊಲಿಸಿದಂತಿತ್ತು.

ಮೊದಲು ಯಂತ್ರದ ಕೈಪಿಡಿ. ಆಮೇಲೆ ಬಿಡಿಭಾಗದ ಕಾಗದಪತ್ರ.
ಆಮೇಲೆ, ಹೇಗೋ ನನಗೂ ಪೂರ್ತಿ ಗೊತ್ತಿಲ್ಲ,
ಒಂದು ಕತೆ, ಲಂಡನ್ನಿನ ಸಣ್ಣದೊಂದು ಪ್ರಕಾಶನ,
ಸಾವಿರ ಪದಕ್ಕಿಷ್ಟು ಎಂಬ ಕರಾರು.
"ತೂಕದ ಕೂಲಿ ಕಣಮ್ಮ," ಅಂದರು,
"ನನಗೇನು ಹೊಸದಲ್ಲ."
ಮಿಲ್ಲಿನ ಭೋಂಗಾ ನಿಂತ ವರ್ಷ ಮೂರನೆಯ ಪುಸ್ತಕ.
ಜೊತೆಯವರು ಆಟೋಗೆ, ಭಟ್ಟಿಗೆ, ಹರಿಹರದ ಗೇಟಿಗೆ ಹೋದರು.
ಇವರು ಬನಿಯನ್ನಿನಲ್ಲೇ
ಯಾರದೋ ಹಿಮದೊಳಗೆ ಕೂತರು.

ಜರ್ಮನ್ನಿಂದ ಇಂಗ್ಲಿಷಿಗೆ ಅವರಿಗೆ ನೇರ ದಾರಿಯಿಲ್ಲ.
ನಡುವೆ ಕನ್ನಡದಲ್ಲಿ ಇಳಿಯಬೇಕು,
ಹುಬ್ಬಳ್ಳಿ ರೈಲು ನಮ್ಮೂರಲ್ಲಿ ನಿಂತಷ್ಟು ಹೊತ್ತು.
ಒಂದು ಚಾ, ಮತ್ತೆ ಶಿಳ್ಳೆ.
ಲೆಡ್ಜರಿನ ಅಂಚಲ್ಲಿ ಹೊಡೆದುಹಾಕಿದ್ದನ್ನು ನಾನು ಓದಿದ್ದೇನೆ:
'ಅವ್ವ ಬಾಗಿಲ ಸಂದಿಯಲ್ಲಿ ನಿಂತು ಮೂಗು ಸೇದಿದಳು.'
ಆ ಅವ್ವ ಹ್ಯಾಂಬರ್ಗಿನವಳು.
ಇಂಗ್ಲಿಷಿನಲ್ಲಿ ಅವಳನ್ನು ಕುಟ್ಟುವಾಗ
ತಲೆಮೇಲಿನ ಸೆರಗು ಸರಿಸಿ ಟೊಪ್ಪಿ ಇಟ್ಟಂತೆ
ನನಗೇ ನಾಚಿಕೆ.

ಒಮ್ಮೆ ಲೇಖಕಿಯ ಕಾಗದ ಬಂತು.
ಪುಟ ತೊಂಬತ್ತರಲ್ಲಿ ನನ್ನ ರೊಟ್ಟಿ ಸುಮ್ಮನೆ ಉಬ್ಬುತ್ತದೆ,
ನಿಮ್ಮದರಲ್ಲಿ ಯಾಕೆ ಸಿಡಿಯುತ್ತದೆ?
ಎರಡು ರಾತ್ರಿ ನಿದ್ದೆಗೆಟ್ಟರು. ತಪ್ಪೊಪ್ಪಿಗೆ ನಾನೇ ಟೈಪು ಮಾಡಿದೆ:
ಗೋಡೆಯಾಚೆ ಮಂಡಕ್ಕಿ ಭಟ್ಟಿ ಇದೆ ತಾಯಿ,
ಬೆಳಗಿನ ನಾಲ್ಕಕ್ಕೆ ಕಾದ ಮರಳಲ್ಲಿ ಅಕ್ಕಿ ಎದ್ದು ಕುಣಿಯುತ್ತದೆ,
ನಾನು ಬರೆಯುವುದೂ ಆವಾಗಲೇ. ತಿದ್ದುತ್ತೇನೆ.
ಮೂರು ತಿಂಗಳಿಗೆ ಉತ್ತರ, ಎರಡೇ ಪದ:
ದಯವಿಟ್ಟು ತಿದ್ದಬೇಡಿ.
ಅಷ್ಟರಲ್ಲಿ ಲಂಡನ್ನಿನವರು ತಿದ್ದಿ ಆಗಿತ್ತು.

ಒಂಬತ್ತು ಪುಸ್ತಕ. ಹೆಸರು ನಾಲ್ಕನೇ ಪುಟದಲ್ಲಿ,
ಕಾಗದದ ವಿವರಕ್ಕಿಂತ ಕೆಳಗೆ. ಒಂದರಲ್ಲಿ 'ಎಚ್. ಅಪ್ಪ'.
ವಿಮರ್ಶೆಯ ತುಣುಕು ನಾನು ಓದಿ ಹೇಳಿದೆ:
ಲೇಖಕಿಯ ಶೈಲಿ ತಿಳಿನೀರಿನಂತಿದೆ.
"ನಲ್ಲೀಲಿ ನೀರು ಬಂದರೆ
ನೀರುಗಂಟಿ ಹೆಸರು ಯಾರು ಕೇಳ್ತಾರೆ," ಅಂದರು.
ತುಣುಕನ್ನು ಮಾತ್ರ ಜೇಬಿಗಿಟ್ಟುಕೊಂಡರು.

ಈಗ ಶಾಲೆ ಹೋಗಿ ಜೆರಾಕ್ಸ್ ಅಂಗಡಿ.
ಅವರ ಎರಡೂ ಕಣ್ಣಿಗೆ ಪೊರೆ, ಮೆಟ್ಟಿಲು ಹತ್ತಿ ವರ್ಷವಾಯಿತು.
ಹತ್ತನೆಯದರ ಕೊನೆಯ ಹಾಳೆ ನನ್ನ ಹತ್ತಿರವೇ ಇದೆ,
ಖಾಲಿ ಜಾಗ ಒಂದು, ತಾಯಿ ಮಗನಿಗೆ ಬೈಯುವಲ್ಲಿ:
ದು ಶ್ಪಿನ್‌ಸ್ಟ್.
ಇಂಗ್ಲಿಷಿನಲ್ಲಿ ಹುಚ್ಚು ಉಳಿದರೆ ನೂಲು ಹರಿಯುತ್ತದೆ,
ನೂಲು ಉಳಿದರೆ ಬೈಗುಳ ಸತ್ತುಹೋಗುತ್ತದೆ.

ನಿನ್ನೆ ಲ್ಯಾಮಿನೇಷನ್ ಮಾಡುತ್ತ ನಿಂತಾಗ ಹೊಳೆಯಿತು.
ಫೋನು ಹಚ್ಚಿದೆ. ಸರ್, ಹೀಗಂದರೆ?
'ನಿನಗೇನು ನೂಲು ಹಿಡಿದಿದೆಯೇನೋ?'

ಆ ಕಡೆ ನಗು, ಕೆಮ್ಮು, ಭಟ್ಟಿಯ ಸದ್ದು.
"ಇದು ಕನ್ನಡ ಆಯ್ತಲ್ಲಮ್ಮ," ಅಂದರು.
"ಇದಕ್ಕೆ ಕೂಲಿ ಕೊಡೋರಿಲ್ಲ.
ನೀನೇ ಇಟ್ಕೋ."